ಭಿತ್ತಿಪತ್ರದ ವರ್ಣಸಂಧಿ



ಶಾಂತಕವಿಗಳು ವೀರನಾರಾಯಣನ ಹೆಸರಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದ ಈ ಗದುಗಿನಲ್ಲಿ, ಗರುಡ ಸದಾಶಿವರಾಯರನ್ನೂ ಶಿರಹಟ್ಟಿ ವೆಂಕೋಬರಾಯರನ್ನೂ ಬಲ್ಲ ಮನೆತನಗಳ ಮುಂದೆ, ಕಂಪನಿ ನಾಟಕದ ಇತಿಹಾಸವನ್ನು ಹೇಳಹೊರಡುವುದು ಅಧಿಕಪ್ರಸಂಗವಾದೀತು. ಆದುದರಿಂದ ಆ ಕಂಪನಿಗಳ ಭಿತ್ತಿಪತ್ರಗಳನ್ನು ಕುರಿತು ನನಗೂ ನನ್ನ ಮಿತ್ರರಿಗೂ ಬಹುಕಾಲದಿಂದ ನಡೆದಿರುವ ವ್ಯಾಜ್ಯವೊಂದನ್ನಷ್ಟೇ ತಮ್ಮ ಮುಂದಿಡುತ್ತೇನೆ.

ಹಳೆಯ ಪತ್ರವು ಸರಳ, ಇಂದಿನ ಫ್ಲೆಕ್ಸು ಆಡಂಬರ ಎಂಬುದು ಮಿತ್ರರ ಮತ. ನಾನದನ್ನು ಒಪ್ಪೆನು. ‘ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳ ನಾಟ್ಯ ಸಂಘ’ ಎಂದು ಹೆಸರಿಟ್ಟುಕೊಳ್ಳುವ ಕಾಲಕ್ಕೆ ಸರಳತೆಯ ವ್ರತವಿತ್ತೆಂದು ಯಾರು ನಂಬಿಯಾರು? ಬಣ್ಣದ ಮೋಹವೂ ಇತ್ತು. ಆದರೆ ಪ್ರತಿಯೊಂದು ಬಣ್ಣಕ್ಕೂ ಕಾಗದವನ್ನು ಮತ್ತೊಮ್ಮೆ ಯಂತ್ರಕ್ಕೆ ಕೊಡಬೇಕಾಗಿದ್ದುದರಿಂದ, ಜಾಣ ಮುದ್ರಕನು ಒಂದೇ ರೋಲರಿನ ಒಂದು ತುದಿಗೆ ಕೆಂಪು ಶಾಯಿಯನ್ನೂ ಇನ್ನೊಂದು ತುದಿಗೆ ನೀಲಿಯನ್ನೂ ಉಣಿಸುತ್ತಿದ್ದನು; ಅವೆರಡೂ ನಡುವೆ ಬೆರೆತು ನೇರಳೆಯ ಛಾಯೆಯೊಂದು ಮೂಡುತ್ತಿತ್ತು, ಮತ್ತು ಆ ಸಂಧಿಸ್ಥಾನವು ಮೊದಲ ಪ್ರತಿಯಲ್ಲಿದ್ದಂತೆ ಕೊನೆಯ ಪ್ರತಿಯಲ್ಲಿ ಇರುತ್ತಿರಲಿಲ್ಲ. ಇಂದು ಫೋಟೋಶಾಪಿನಲ್ಲಿ ಹುಡುಗರು ಕ್ಷಣಾರ್ಧದಲ್ಲಿ ತರುವ ಛಾಯಾಂತರವು ಇದೇ. ಅಂದು ಅದು ಮಿತವ್ಯಯದ ಕೂಸು, ಇಂದು ಕೇವಲ ಅಲಂಕಾರ.

ಭೇದವಿರುವುದು ಬಿಳಿಯ ಜಾಗದಲ್ಲಿ. ಕಟ್ಟಿಗೆಯ ದಪ್ಪ ಅಚ್ಚುಮೊಳೆಗಳಿಂದ ನಾಟಕದ ಹೆಸರನ್ನು ಜೋಡಿಸುವಾಗ, ಕೆಳಗಿಳಿಯುವ ಒತ್ತಕ್ಷರಕ್ಕೆ ಎಡೆಮಾಡಿಕೊಡಬೇಕಾಗಿ, ಅದರ ಇಕ್ಕೆಲದಲ್ಲಿಯೂ ಕಾಗದವು ಖಾಲಿಯಾಗಿ ಉಳಿಯುತ್ತಿತ್ತು; ಅದರಿಂದ ಹೆಸರು ದೂರದಿಂದಲೂ ಓದಲು ಬರುತ್ತಿತ್ತು. ಟಿ. ಪಿ. ಅಕ್ಕಿಯವರು ವಿಜಯ ಕಲಾ ಮಂದಿರವೆಂಬ ಚಿತ್ರಕಲಾಶಾಲೆಯನ್ನು ಸ್ಥಾಪಿಸಿದ ಊರಿದು; ಕಣ್ಣಿಗೆ ಶಿಕ್ಷಣ ಕೊಡುವ ಗುರುಗಳಿಗೆ ಇಲ್ಲಿ ಬರವಿರಲಿಲ್ಲ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಇಂಥ ಪತ್ರವೊಂದನ್ನು ಹಲಗೆಗೆ ಅಂಟಿಸಿ, ನಮ್ಮನ್ನು ಬಾಗಿಲಾಚೆ ನಿಲ್ಲಿಸಿ, “ಅಲ್ಲಿಂದ ಓದ್ರಿ. ಓದಾಕ ಬರಲಿಲ್ಲಂದ್ರ ಅದು ಗ್ವಾಡಿಗೆ ಭಾರ” ಎನ್ನುತ್ತಿದ್ದರು.

ಫಕೀರೇಶ್ವರ ಜಾತ್ರೆಗೆ ಶಿರಹಟ್ಟಿಗೆ ಹೋದಾಗ ಈ ಪರೀಕ್ಷೆಯನ್ನು ತಾವೂ ಮಾಡಿರಿ. ಅಲ್ಲಿನ ಫ್ಲೆಕ್ಸುಗಳಲ್ಲಿ ಶುಭಕೋರುವವರ ಮುಖಗಳು ಒಂದರ ಭುಜಕ್ಕೊಂದು ತಾಗಿ, ಒತ್ತಕ್ಷರದ ಮಗ್ಗುಲನ್ನೂ ಬಿಡದೆ ತುಂಬಿರುತ್ತವೆ. (2016ರಲ್ಲಿ ಸರಕಾರವು ಪ್ಲಾಸ್ಟಿಕ್ಕಿನೊಡನೆ ಫ್ಲೆಕ್ಸನ್ನೂ ನಿಷೇಧಿಸಿತು; ಆದರೆ ನಮ್ಮ ಜಾತ್ರೆಯ ಕಮಾನುಗಳು ಆ ಆಜ್ಞೆಯನ್ನು ಓದಿದಂತಿಲ್ಲ.)

ಆದರೂ ನನ್ನ ವಾದದ ಬುಡದಲ್ಲೊಂದು ಬಿರುಕಿದೆ. ಆ ಬಿಳಿಯ ಜಾಗವನ್ನು ಮುದ್ರಕನು ಬಲ್ಲವನಾಗಿ ಬಿಟ್ಟನೋ, ಮೊಳೆಯು ಬಿಡಿಸಿತೋ? ಅವನ ಕೈಗೆ ಗಣಕವನ್ನು ಕೊಟ್ಟಿದ್ದರೆ ಅವನೂ ತುಂಬಿಬಿಡುತ್ತಿದ್ದನೇ? ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿಗಳ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸಿದವರು ಈ ಸಭೆಯಲ್ಲಿದ್ದರೆ, ದಯವಿಟ್ಟು ಎದ್ದು ನಿಂತು ಉತ್ತರಿಸಬೇಕು.