ಚೀನಿಕಾಯಿ ಕೇಕು ಮಾಡಿ, ಕಡುಬನ್ನೂ ಇಟ್ಕೊಳ್ಳಿ

ಅಕ್ಟೋಬರ್ ಬಂತು ಅಂದ್ರೆ ರೀಲ್ಸ್ ತುಂಬಾ ಕುಂಬಳಕಾಯಿ ಕೇಕು, ಮೇಲೆ ಬೆಳ್ಳಗೆ ಕ್ರೀಮ್ ಚೀಸ್. 'ಆಟಮ್ ಕೇಕ್' ಅಂತ ಹೆಸರು. ಆನಂದಪುರದ ಅಡುಗೆಮನೇಲಿ ಇದನ್ನ ಹೇಗೆ ಮಾಡೋದು ಅನ್ನೋದೇ ಇವತ್ತಿನ ಮಾತು.

ಅದಕ್ಕೂ ಮೊದಲು ಒಂದು ವಿಷಯ. ಶರದೃತು ನಮಗೂ ಇದೆ. ಇಲ್ಲಿ ಎಲೆ ಉದುರೋದಿಲ್ಲ, ಗದ್ದೆ ಬಸುರಿಯಾಗ್ತದೆ. ಸಾಗರ, ಹೊಸನಗರ ಕಡೆ ಆಶ್ವೀಜದ ಶೀಗೆ ಹುಣ್ಣಿಮೆ ದಿನ ಭೂಮಿ ಹುಣ್ಣಿಮೆ ಮಾಡಿ ಆ ಗದ್ದೆಗೆ ಬಯಕೆ ಊಟ ಬಡಿಸ್ತಾರೆ. ದೀವರ ಮನೆಗಳಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗೋದನ್ನ ನೀವು ನೋಡಿರಬಹುದು. ಆ ಬುಟ್ಟಿಯ ಕಡುಬೇ ನಮ್ಮ 'ಆಟಮ್ ಕೇಕ್' ಅಂತ ನನ್ನ ವಾದ. ತುರಿದ ಸೌತೆಕಾಯಿ, ಅಕ್ಕಿ ತರಿ, ಬೆಲ್ಲ, ಕಾಯಿತುರಿ ಕಲಸಿ, ಬಾಳೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸೋದು. ನೀರು ಹಾಕೋದೇ ಇಲ್ಲ, ಸೌತೆಕಾಯಿ ಬಿಟ್ಟ ನೀರೇ ಸಾಕು.

ಕೇಕಿನ ಗುಟ್ಟೂ ನೀರಿನದ್ದೇ. ಚೀನಿಕಾಯಿ, ಅಂದ್ರೆ ಸಿಹಿಗುಂಬಳ, ಕುಕ್ಕರಲ್ಲಿ ನೀರಿಗೆ ಹಾಕಿ ಕುದಿಸಿದ್ರೆ ಕೇಕು ಒಳಗೆ ಹಸಿಹಸಿ. ಹಬೆಯಲ್ಲಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ರುಬ್ಬಿ. ಈ ತಿರುಳು ಒಂದು ಕಪ್, ಬೆಲ್ಲದ ಪುಡಿ ಒಂದು ಕಪ್, ಎಣ್ಣೆ ಅರ್ಧ, ಮೊಸರು ಅರ್ಧ. ಮೈದಾ ಒಂದೂಮುಕ್ಕಾಲು ಕಪ್, ಅಡುಗೆ ಸೋಡ ಒಂದು ಟೀ ಚಮಚ, ಚಿಟಿಕೆ ಉಪ್ಪು. ಮೊಟ್ಟೆ ಬೇಡ, ಮೊಸರಿನ ಹುಳಿ ಸೋಡಾನ ಉಬ್ಬಿಸ್ತದೆ. ದಾಲ್ಚಿನ್ನಿ, ಶುಂಠಿ ಪುಡಿ, ಜಾಯಿಕಾಯಿಗೆ ಪ್ಯಾಕೆಟ್ ಮಸಾಲೆ ಯಾಕೆ? ಇವೆಲ್ಲ ನಮ್ಮ ತೋಟದಲ್ಲೇ ಬೆಳೆಯೋವು ತಾನೇ!

ಓವನ್ ಇಲ್ವಾ? ಕುಕ್ಕರ್ ತಳಕ್ಕೆ ಉಪ್ಪು ಹರಡಿ ಸ್ಟ್ಯಾಂಡ್ ಇಡಿ. ಗ್ಯಾಸ್ಕೆಟ್, ವಿಷಲ್ ಎರಡೂ ತೆಗೀಬೇಕು, ಮರೀಬೇಡಿ. 10 ನಿಮಿಷ ಕಾಯಿಸಿ ಟಿನ್ ಇಟ್ಟು, ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ಕಡ್ಡಿ ಚುಚ್ಚಿದ್ರೆ ಅಂಟಬಾರದು.

ಇನ್ನು ಕ್ರೀಮ್ ಚೀಸ್. ಸಿಕ್ರೆ 200 ಗ್ರಾಂ, ಬೆಣ್ಣೆ 50 ಗ್ರಾಂ, ಪುಡಿ ಸಕ್ಕರೆ ಅರ್ಧ ಕಪ್. ಸಿಗದಿದ್ರೆ ಅದಕ್ಕಾಗಿ ಶಿವಮೊಗ್ಗ ಬಸ್ ಹತ್ತಬೇಡಿ. ಹುಳಿಯಾಗದ ಗಟ್ಟಿ ಮೊಸರು ಒಂದು ಲೀಟರ್, ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಲ್ಲಿ ರಾತ್ರಿಯಿಡೀ ಬಸಿಯಲಿ. ಅದೇ ಅಳತೆಗೆ ಅದನ್ನೇ ಹಾಕಿ. ಕೈಯಲ್ಲಿ ತಿರುವಿದ್ರೆ ಸಾಕು, ಜಾಸ್ತಿ ತಿರುವಿದ್ರೆ ನೀರಾಗ್ತದೆ. ಕೇಕು ಪೂರ್ತಿ ಆರೋ ತನಕ ಹಚ್ಚಬೇಡಿ. ಕರೆಂಟ್ ಹೋಗೋ ಊರು ನಮ್ದು, ಮೊಸರಿನದ್ದಾದ್ರೆ ಅವತ್ತೇ ತಿಂದು ಮುಗಿಸಿ.

ಕೇಕು ಬಂತು ಅಂತ ಕಡುಬು ಬಿಡೋದಕ್ಕೆ ಮಾತ್ರ ನಾನು ಒಪ್ಪಲ್ಲ. ಬಲಿತು ದಪ್ಪ ಆದ ಸೌತೆಕಾಯಿ ಸಲಾಡಿಗೆ ಬರಲ್ಲ, ಅದಕ್ಕೆ ಕಡುಬಿನಂಥ ಅಡುಗೆಯೇ ಬೇಕು. ಬೀಜ ಸಿಗೋದೂ ಬಲಿತ ಕಾಯಲ್ಲೇ. ಕಡುಬು ನಿಂತ್ರೆ ಕಾಯನ್ನ ಬಳ್ಳಿಯಲ್ಲಿ ಬಲಿಯೋಕೆ ಬಿಡೋರು ಯಾರು? ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಇಂಥ ಹಿತ್ತಲಿನ ಬೀಜಗಳನ್ನೇ ಉಳಿಸಿ ಹಂಚ್ತಾ ಬಂದಿದ್ದಾರೆ.

ಅಂದ ಹಾಗೆ, ಚೀನಿಕಾಯಿ ಹೆಚ್ಚುವಾಗ ಬೀಜ ಬಿಸಾಡಬೇಡಿ. ತೊಳೆದು, ನೆರಳಲ್ಲಿ ಒಣಗಿಸಿ, ಒಂದಿಷ್ಟು ಬೂದಿ ಬೆರೆಸಿ ಡಬ್ಬಿಗೆ ಹಾಕಿಡಿ. ಮುಂದಿನ ಮಳೆಗಾಲಕ್ಕೆ ಬೇಕಾಗ್ತದೆ.