ಸವಳು ಭೂಮಿ: ಕಟ್ಟೆಯ ಮಾತು ಮತ್ತು ನಿಜಸ್ಥಿತಿ

(ನವನಗರದಲ್ಲಿ ರೈತರಿಗೆ ನೀಡಿದ ಉಪನ್ಯಾಸ)



ಚಹಾದ ಅಂಗಡಿಯಲ್ಲಾಗಲಿ, ಅಗಸಿ ಕಟ್ಟೆಯ ಮೇಲಾಗಲಿ ನಾಲ್ಕು ಮಂದಿ ಒಕ್ಕಲಿಗರು ಕೂಡಿದರೆ ಬೇಸಾಯದ ಮಾತು ಬರುವುದು ಸಹಜ. ಅಲ್ಲಿ ಕೇಳಿ ಕಲಿಯುವುದೂ ಬಹಳಷ್ಟಿದೆ. ಆದರೆ ಸವಳಿನ ಬಗ್ಗೆ ಓಡಾಡುವ ಕೆಲವು ಮಾತುಗಳು ರೈತನ ಹಣವನ್ನೂ ಹೊಲವನ್ನೂ ಹಾಳು ಮಾಡುತ್ತವೆ.

ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡವರು ಈ ಭಾಗದಲ್ಲಿ ಅನೇಕರು. ನವನಗರ ಹುಟ್ಟಿದ್ದೇ ಆ ಮುಳುಗಡೆಯಿಂದ. ನೀರಿಗೆ ಹೋದ ಭೂಮಿ ತಿರುಗಿ ಬಾರದು. ಸವಳಿಗೆ ಹೋದ ಭೂಮಿ ಬರುತ್ತದೆ. ಆದರೆ ರೋಗ ತಿಳಿದು ಔಷಧ ಮಾಡಬೇಕು.

ಮೊದಲನೆಯ ಮಾತು: "ಕಾಲುವೆ ನೀರು ಸಿಹಿ, ಅದರಿಂದ ಸವಳು ಹೇಗೆ ಬಂದೀತು?" ಲೀಟರಿಗೆ 0.3 ಗ್ರಾಂ ಲವಣವಿದ್ದರೆ ಆ ನೀರು ಬಾಯಿಗೆ ಉಪ್ಪೆನಿಸುವುದಿಲ್ಲ. ಅಂಥ ನೀರನ್ನು ಒಂದು ಹಂಗಾಮಿನಲ್ಲಿ ಒಟ್ಟು 50 ಸೆಂ.ಮೀ. ಹಾಯಿಸಿದರೆ ಎಕರೆಗೆ ಸುಮಾರು 20 ಲಕ್ಷ ಲೀಟರು ನೀರಿನ ಸಂಗಡ 6 ಕ್ವಿಂಟಲ್ ಲವಣ ಹೊಲ ಸೇರುತ್ತದೆ. ನೀರು ಆರಿಹೋಗುತ್ತದೆ, ಲವಣ ಉಳಿಯುತ್ತದೆ. ಎರೆ ಭೂಮಿಯಲ್ಲಿ ನೀರು ಬಸಿಯುವುದು ನಿಧಾನ. ಹೆಚ್ಚು ನೀರು ಬಿಟ್ಟಷ್ಟೂ ಅಂತರ್ಜಲ ಮೇಲೇರಿ ತಳದ ಲವಣವನ್ನೂ ಮೇಲಕ್ಕೆ ತರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳಾದ ಹೊಲಗಳು ಇದಕ್ಕೆ ಸಾಕ್ಷಿ.

ಎರಡನೆಯ ಮಾತು: "ಸವಳಿಗೆ ಜಿಪ್ಸಂ ಹಾಕಿದರೆ ಮುಗಿಯಿತು." ಸವಳು ಒಂದೇ ಬಗೆಯದಲ್ಲ. ಲವಣದ ಸವಳಿನಲ್ಲಿ ಮೇಲೆ ಬಿಳಿ ಪದರು ಕಾಣುತ್ತದೆ, ರಸಸಾರ ಸಾಮಾನ್ಯವಾಗಿ 8.5ಕ್ಕಿಂತ ಕಡಿಮೆ. ಇದಕ್ಕೆ ಜಿಪ್ಸಂ ಬೇಕಿಲ್ಲ. ಲವಣವನ್ನು ತೊಳೆದು ಹೊರಹಾಕಬೇಕು. ಕ್ಷಾರದ ಸವಳಿನಲ್ಲಿ ರಸಸಾರ 8.5 ದಾಟಿರುತ್ತದೆ, ಮಳೆ ನೀರು ಇಂಗದೆ ರಾಡಿಯಾಗಿ ನಿಲ್ಲುತ್ತದೆ, ಒಣಗಿದರೆ ಮಣ್ಣು ಕಲ್ಲಾಗುತ್ತದೆ. ಇಲ್ಲಿ ಜಿಪ್ಸಂ ಬೇಕು. ಅದರಲ್ಲಿಯ ಕ್ಯಾಲ್ಸಿಯಂ ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ. ಎಷ್ಟು ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆಯ ವರದಿ ಹೇಳಬೇಕೇ ಹೊರತು ಪಕ್ಕದ ಹೊಲದವರಲ್ಲ.

ಮೂರನೆಯ ಮಾತು: "ಮೇಲೆ ಕೆರೆಯ ಗೋಡು ಹರಡಿದರೆ ಸಾಕು." ತಳದಲ್ಲಿ ನೀರು ನಿಂತಿರುವವರೆಗೆ ಲವಣ ಹೊಸ ಮಣ್ಣಿನೊಳಗೂ ಏರುತ್ತದೆ. ಗಾಡಿ ಬಾಡಿಗೆ ವ್ಯರ್ಥ.

ನಾಲ್ಕನೆಯ ಮಾತು: "ಬೆಳೆ ಸೊರಗಿದೆ, ಯೂರಿಯಾ ಎರಚು." ಲವಣದಿಂದ ಬೇರು ನೀರು ಹೀರಲಾರದೆ ಇರುವಾಗ ಹೆಚ್ಚಿನ ಗೊಬ್ಬರ ಆ ಭಾರವನ್ನೇ ಹೆಚ್ಚಿಸುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಬೇಸಿಗೆಯಲ್ಲಿ ಹೊಲ ಖಾಲಿ ಇದ್ದಾಗ 0-15, 15-30, 30-60 ಸೆಂ.ಮೀ. ಆಳಗಳ ಮಣ್ಣನ್ನು ಬೇರೆ ಬೇರೆ ತೆಗೆದು ಪರೀಕ್ಷೆಗೆ ಕೊಡಿರಿ. ಒಡ್ಡಿನ ಬುಡ, ತಿಪ್ಪೆಯ ಜಾಗ ಬಿಡಿರಿ. ಬಾವಿ ನೀರನ್ನೂ ಪರೀಕ್ಷಿಸಿರಿ. ಬಸಿಗಾಲುವೆ ಮೊದಲು, ಉಳಿದದ್ದು ಆಮೇಲೆ. ಹೊರಹೋಗಲು ದಾರಿ ಇಲ್ಲದೆ ನೀರು ನಿಲ್ಲಿಸಿದರೆ ಸವಳು ತೊಳೆಯದು, ಹೆಚ್ಚುತ್ತದೆ. ಬಸಿಗಾಲುವೆ ಒಬ್ಬರ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಕೆಳಗಿನ ಹೊಲದವರನ್ನೂ ಕೂಡಿಸಿಕೊಳ್ಳಬೇಕು. ಹೊಲ ಸುಧಾರಿಸುವವರೆಗೆ ಲವಣ ತಡೆಯುವ ಹತ್ತಿಯಂಥ ಬೆಳೆ ಇರಲಿ. ಉಳ್ಳಾಗಡ್ಡಿ ಬೇಗ ಸೋಲುತ್ತದೆ.

ಕಟ್ಟೆಯ ಮೇಲೆ ಮಾತು ನಡೆಯಲಿ. ಮುಂದಿನ ಸಲ ಅಲ್ಲಿ ಕೂಡುವಾಗ ಜೇಬಿನಲ್ಲಿ ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಆ ಮಾತಿಗೆ ತೂಕ ಬಂದೀತು.