ಉಡುಪಿ ರಾಮರಾಯರ ವೈದ್ಯಪತ್ರಿಕೆ



ತಿಕೋಟಾದಲ್ಲೋ ಬಬಲೇಶ್ವರದಲ್ಲೋ ದವಾಖಾನೆ ಇಟ್ಟಿರುವ ವೈದ್ಯರಿಗೆ ಬಗೆಹರಿಯದ ಕಾಯಿಲೆ ಎದುರಾದರೆ, ರೋಗಿಯನ್ನು ವಿಜಯಪುರಕ್ಕೆ ಕಳಿಸುವ ದಾರಿ ಇದೆ. 1986ರಿಂದ ಇಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಮೆಡಿಕಲ್ ಕಾಲೇಜು ಇದೆ. ನೂರಿಪ್ಪತ್ತು ವರ್ಷಗಳ ಹಿಂದೆ ಹೀಗಿರಲಿಲ್ಲ. ಬಿಜಾಪುರ ಆಗ ಮುಂಬಯಿ ಪ್ರಾಂತ್ಯದ ಒಂದು ಜಿಲ್ಲೆ; ಮೆಡಿಕಲ್ ಕಾಲೇಜು ದೂರದ ಮುಂಬಯಿಯಲ್ಲಿ. ಓದು ಮುಗಿಸಿ ಸಣ್ಣ ಊರು ಸೇರಿದ ಡಾಕ್ಟರಿಗೆ ಮತ್ತೊಬ್ಬ ಡಾಕ್ಟರರ ಅನುಭವ ತಿಳಿಯುವುದು ಹೇಗೆ? ಅಂಚೆಯಲ್ಲಿ ಬರುವ ಪತ್ರಿಕೆಯೇ ಗತಿ.

ಅಂಥ ಪತ್ರಿಕೆಯೊಂದನ್ನು ಕಟ್ಟಿದವರು ಡಾ. ಯು. ರಾಮರಾಯರು. ಹುಟ್ಟಿದ್ದು 1874ರಲ್ಲಿ. ಹೆಸರಿನಲ್ಲೇ ಉಡುಪಿಯನ್ನು ಹೊತ್ತು, ಮದರಾಸಿನಲ್ಲಿ ವೃತ್ತಿ ನಡೆಸಿದವರು. ಅವರ ಇಂಗ್ಲಿಷ್ ಮಾಸಿಕ ‘ದಿ ಆಂಟಿಸೆಪ್ಟಿಕ್’ ಆರಂಭವಾದದ್ದು 1904ರಲ್ಲಿ.

ದೇಶದಲ್ಲಿ ವೈದ್ಯಪತ್ರಿಕೆಗಳೇ ಇರಲಿಲ್ಲವೆಂದಲ್ಲ. ಕಲ್ಕತ್ತೆಯ ‘ಇಂಡಿಯನ್ ಮೆಡಿಕಲ್ ಗೆಜೆಟ್’ 1866ರಿಂದಲೇ ಹೊರಡುತ್ತಿತ್ತು. ಆದರೆ ಅದು ಇಂಡಿಯನ್ ಮೆಡಿಕಲ್ ಸರ್ವಿಸಿನ ಅಧಿಕಾರಿಗಳ ಕೈಯಲ್ಲಿತ್ತು. ಆ ಅಧಿಕಾರಿಗಳಲ್ಲಿ ಬಹುಪಾಲು ಬ್ರಿಟಿಷರು. ಸರ್ಕಾರಿ ಹುದ್ದೆಯಿಲ್ಲದ ದೇಶೀ ವೈದ್ಯನೂ ತಾನು ಕಂಡ ರೋಗವನ್ನು ಬರೆದಿಡಬಲ್ಲ, ಅದನ್ನು ಇತರರು ಓದಬೇಕು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಹೆಸರನ್ನೂ ಗಮನಿಸಬೇಕು. ಗಾಯ ಕೊಳೆಯುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ನಂಬಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲ ಬಳಸಿದ ವಿಧಾನ 1867ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅವನ ದೇಶದ ಶಸ್ತ್ರವೈದ್ಯರೇ ಅದನ್ನು ಒಪ್ಪಲು ವರ್ಷಗಟ್ಟಲೆ ಹಿಡಿಯಿತು. ಹೊಸ ತಿಳಿವು ಅಚ್ಚಾದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ಯಾರಾದರೂ ಅದನ್ನು ತಿಂಗಳು ತಿಂಗಳೂ ಹೇಳುತ್ತಿರಬೇಕು.

ಈ ಪತ್ರಿಕೆಯ ಸಂಪಾದನೆಯಲ್ಲಿ ಡಾ. ಟಿ.ಎಂ. ನಾಯರರ ಹೆಸರೂ ಸೇರಿದೆ. ಇದೊಂದು ಸ್ವಾರಸ್ಯ. ನಾಯರರು 1916ರಲ್ಲಿ ಜಸ್ಟಿಸ್ ಪಕ್ಷ ಕಟ್ಟಿದವರಲ್ಲಿ ಒಬ್ಬರು, ಬ್ರಾಹ್ಮಣೇತರ ಚಳವಳಿಯ ಮುಂದಾಳು, ರಾಮರಾಯರಾದರೋ ಕಾಂಗ್ರೆಸ್ಸಿಗರು. ಮದರಾಸಿನ ರಾಜಕೀಯ ಕವಲೊಡೆದದ್ದು ಆಮೇಲೆ. ರೋಗಿಯ ನಾಡಿ ಹಿಡಿದವರಿಗೆ ಅದಕ್ಕೂ ಮೊದಲು ಒಂದೇ ಪತ್ರಿಕೆಯಲ್ಲಿ ಜಾಗವಿತ್ತು.

ರಾಮರಾಯರ ಮನೆಯಿಂದ ಜನಸಾಮಾನ್ಯರಿಗಾಗಿ ‘ಹೆಲ್ತ್’ ಎಂಬ ಮಾಸಿಕವೂ ಬಂತು. ಅದೂ ಇಂಗ್ಲಿಷಿನಲ್ಲೇ. ಆರೋಗ್ಯದ ಮಾತು ಮುಖ್ಯವಾಗಿ ತಲುಪಬೇಕಾದವರಿಗೆ ಬಾರದ ಭಾಷೆ ಅದು. ಇದು ಕೊರತೆಯೇ ಸರಿ.

1935ರ ಕಾಯಿದೆಯಂತೆ ಮದರಾಸಿನಲ್ಲಿ ವಿಧಾನ ಪರಿಷತ್ತು ಮೇಲ್ಮನೆಯಾದಾಗ, 1937ರಲ್ಲಿ ರಾಮರಾಯರು ಅದರ ಅಧ್ಯಕ್ಷರಾದರು. 1945ರವರೆಗೂ ಆ ಪೀಠದಲ್ಲಿದ್ದರು. ತೀರಿಕೊಂಡದ್ದು 1952ರಲ್ಲಿ. ಮಗ ಡಾ. ಯು. ಕೃಷ್ಣರಾಯರೂ ವೈದ್ಯರು, 1957ರಿಂದ 1961ರವರೆಗೆ ಮದರಾಸು ವಿಧಾನಸಭೆಯ ಸ್ಪೀಕರ್. ತಂದೆಯ ಕಾಲದ ಪತ್ರಿಕೆ ಮಾತ್ರ ಇಬ್ಬರನ್ನೂ ಮೀರಿ ಬಾಳಿತು. ಮುಂದೆ ಅದರ ಪ್ರಕಟಣೆ ಮದರಾಸಿನಿಂದ ಮಧುರೈಗೆ ಹೋಯಿತು, ಹೆಸರು ಮಾತ್ರ ಬದಲಾಗಲಿಲ್ಲ.